ಎಡಗೈಯ ಪಾಠ

ಮೂರನೆಯ ತರಗತಿಯ ಟೀಚರಿಗೆ ಆ ದಿನ ನಿಂತಲ್ಲೇ ಕಣ್ಣು ಮುಚ್ಚಿಹೋಗುವಷ್ಟು ಆಯಾಸ. ‘ಪರಿಸರ ಮತ್ತು ಸಮಾಜ’ವನ್ನು ಎಲ್ಲರ ಹಾಗೆ ಪುಸ್ತಕ ಓದಿಸಿ ಮುಗಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಈ ಪುಣ್ಯಾತ್ಗಿತ್ತಿಗೆ ಸುಮ್ಮನಿರಲು ಬರಬೇಕಲ್ಲ! ಬೇರಿನ ಪಾಠಕ್ಕೆ ಮಕ್ಕಳ ಕೈಯಲ್ಲಿ ಮಣ್ಣು ಅಗೆಸಿದಳು. ನೀರಿನ ಪಾಠಕ್ಕೆ ನಲ್ಲಿಯಿಂದ ಟ್ಯಾಂಕಿನವರೆಗೆ ಕೊಳವೆಯ ಜಾಡು ಹಿಡಿಸಿದಳು. ಇದಕ್ಕೆಲ್ಲ ಮನೆಯಲ್ಲಿ ದಿನವೂ ಕತ್ತರಿ, ಗೋಂದು, ರಟ್ಟುಗಳ ರಾಶಿ. ಹೆಡ್‌ಮಾಸ್ತರರಿಗಂತೂ ತಲೆ ಚಿಟ್ಟುಹಿಡಿದಿತ್ತು.

“ಇವತ್ತು ಇನ್‌ಸ್ಪೆಕ್ಟರ್ ಬರ್ತಾರೆ. ಅವರು ಒಪ್ಪಿದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಈ ಆಟ ಎಲ್ಲಾ ಬಂದ್” ಎಂದಿದ್ದರು.

ಆವತ್ತಿನ ಪಾಠ ‘ನಮ್ಮ ಮನೆಯವರ ಕೆಲಸ’. ಪ್ರತಿ ಮಗುವೂ ಮನೆಯ ಒಬ್ಬರನ್ನು ಗಮನಿಸಿ ಬಂದು, ಅವರ ಕೆಲಸವನ್ನು ಮಾತಿಲ್ಲದೆ ಮಾಡಿ ತೋರಿಸಬೇಕು. ಉಳಿದವರು ಗುರುತಿಸಬೇಕು. ಯಾರನ್ನು ಆರಿಸಿಕೊಂಡಿದ್ದೀರಿ ಎಂದು ಟೀಚರ್ ಕೂಡ ಮೊದಲೇ ಕೇಳುವಂತಿಲ್ಲ. ನಿಯಮ ಮಾಡಿದವಳು ಅವಳೇ.

ದರ್ಜಿಯ ಮಗ ದಾರದ ತುದಿಯನ್ನು ತುಟಿಗೊತ್ತಿ ಸೂಜಿಗೆ ಪೋಣಿಸಿದ. ಡ್ರೈವರನ ಮಗಳು ಹೆಜ್ಜೆಗೊಮ್ಮೆ ಬ್ರೇಕ್ ಒತ್ತಿ, ಎದುರಿಗೆ ಬಂದವನಿಗೆ ಕೈಸನ್ನೆಯಲ್ಲೇ ಬೈದಳು. ಹಿಂದಿನ ಬೆಂಚಿನಲ್ಲಿದ್ದ ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪುಟ್ಟಿ ಎದ್ದಳು.

ಪುಟ್ಟಿ ಟೀಚರ ಸ್ವಂತ ಮಗಳು. ಶಾಲೆಯಲ್ಲಿ ‘ಅಮ್ಮ’ ಎಂದು ಕರೆಯುವಂತಿಲ್ಲ, ಅದೂ ಒಂದು ನಿಯಮವೇ. ಅವಳು ಮೇಜಿನ ಮುಂದೆ ಕುಳಿತು, ತಲೆ ತಗ್ಗಿಸಿ, ಬಲಗೈಯಲ್ಲಿ ಬರೆಯತೊಡಗಿದಳು. ತಲೆ ಎತ್ತದೆಯೇ ಎಡಗೈಯಿಂದ ಪಕ್ಕದಲ್ಲಿದ್ದ ಏನನ್ನೋ ತಳ್ಳಿದಳು. ಬರೆದಳು, ಮತ್ತೆ ತಳ್ಳಿದಳು.

“ನೊಣ ಓಡಿಸೋದು!”

“ಬೆಕ್ಕು!”

“ಟೇಬಲ್ ಒರೆಸೋದು!”

“ಯಾರಿಗೂ ಗೊತ್ತಾಗ್ಲಿಲ್ಲ! ಟೀಚರ್, ನಾನೇ ಹೇಳ್ಲಾ?”

ಟೀಚರಿಗೆ ಆಗಲೇ ಗೊತ್ತಾಗಿತ್ತು. ಬೇಡ ಅನ್ನೋಣವೆಂದರೆ ಇನ್‌ಸ್ಪೆಕ್ಟರ್ ಕಣ್ಣರಳಿಸಿ ಕೂತಿದ್ದಾರೆ.

“ಹೇಳು” ಎಂದಳು.

“ನಮ್ಮಮ್ಮ ಬರೀತಿದ್ದಾಳೆ. ಈ ಕೈ ತಳ್ತಿರೋದು ನನ್ನನ್ನ.”

ಆ ದನಿಯಲ್ಲಿ ದೂರು ಇರಲಿಲ್ಲ, ಗೆದ್ದ ಖುಷಿಯಿತ್ತು. ಟೀಚರಿಗೆ ಹೆಚ್ಚು ನೋವಾದದ್ದು ಅದಕ್ಕೇ.

ಯಾರ ಮಗಳೆಂದು ತಿಳಿಯದ ಇನ್‌ಸ್ಪೆಕ್ಟರ್ ಚಪ್ಪಾಳೆ ತಟ್ಟಿದರು. “ಭೇಷ್! ಎಷ್ಟು ಚೆನ್ನಾಗಿ ಗಮನಿಸಿದೆ ನೋಡಿ ಈ ಮಗು! ನಿಮ್ಮ ವಿಧಾನ ಎಲ್ಲಾ ಶಾಲೆಗಳಿಗೂ ಬೇಕು ಟೀಚರ್. ವಿವರವಾಗಿ ಬರೆದು ನಾಳೆನೇ ಕೊಟ್ಬಿಡಿ.”

ಪಕ್ಕದಲ್ಲಿದ್ದ ಹೆಡ್‌ಮಾಸ್ತರರು ತಾವೇ ಕಂಡುಹಿಡಿದವರಂತೆ ಬೀಗಿದರು.

ಸಂಜೆ ಅವಳು ಬರೆಯಲು ಕೂತಳು. ಇಷ್ಟು ದಿನ ಹಂಬಲಿಸಿದ್ದು ಕೈಗೆ ಬಂದಿತ್ತು, ಸಂತೋಷ ಮಾತ್ರ ಹುಡುಕಿದರೂ ಇರಲಿಲ್ಲ. ಒಂದೆರಡು ಸಾಲು ಬರೆಯುವಷ್ಟರಲ್ಲಿ ಮೊಣಕೈ ಬಳಿ ಯಾರೋ ಬಂದಂತಾಯಿತು. ಎಡಗೈ ತಾನಾಗಿಯೇ ಮೇಲೆದ್ದಿತು.

ಅದನ್ನು ಅವಳು ಕಂಡಳು. ಪೆನ್ನು ಕೆಳಗಿಟ್ಟು, ಅದೇ ಕೈಯನ್ನು ಮಗಳತ್ತ ಚಾಚಿ, “ಬಾ ಪುಟ್ಟೀ” ಎಂದಳು.

ಪುಟ್ಟಿ ನೋಡಿದ್ದು ಕೈ ಮೇಲೆದ್ದದ್ದನ್ನಷ್ಟೇ. ರೂಢಿಯಂತೆ ಆಗಲೇ ಹಿಂದೆ ಸರಿದು ನಿಂತಿದ್ದಳು.

“ಇಲ್ಲಮ್ಮ, ಸುಮ್ನೆ ನೋಡ್ತಿದ್ದೆ ಅಷ್ಟೆ. ನೀನು ಬರ್ಕೋ” ಎಂದಳು.