ಸೋತವರ ಪಾಲು

“ಮಂದಿ ರೊಕ್ಕ ಕೊಟ್ಟು ಬಂದಿದ್ದು ನಮ್ಮ ಅಜಿತನ ಆಟ ನೋಡಾಕರಿ. ಮೊದಲನೇ ಮ್ಯಾಚಿನ್ಯಾಗ ಸೋತು ಮನಿ ಹಾದಿ ಹಿಡದವ್ರಿಗೂ ಸಮಪಾಲು ಅಂದ್ರ ಅದ್ಯಾವ ನ್ಯಾಯ?” ಎಂದು ಗೌರೀಶ ಟೇಬಲ್ಲಿನ ಮೇಲೆ ಅಂಗೈ ಊರಿದರು.

ಬೈಲಹೊಂಗಲದ ಆ ಕಾಲೇಜಿನ ಕ್ರೀಡಾ ಕೋಣೆಯಲ್ಲಿ, ಗೋಡೆಗೆ ಒರಗಿಸಿಟ್ಟ ಕಬಡ್ಡಿ ಮ್ಯಾಟುಗಳಿಂದ ನಿನ್ನೆಯ ಬೆವರಿನ ವಾಸನೆ ಇನ್ನೂ ಹೋಗಿರಲಿಲ್ಲ. ನಿನ್ನೆ ಫೈನಲ್ ಮುಗಿದಿತ್ತು. ಅಜಿತನ ಆಟದಿಂದ ಬೈಲಹೊಂಗಲ ಗೆದ್ದಿತ್ತು, ರಾಮದುರ್ಗ ಸೋತಿತ್ತು. ಸುತ್ತಲಿನ ಏಳು ಕಾಲೇಜುಗಳು ಸೇರಿ ವರ್ಷಕ್ಕೊಮ್ಮೆ ನಡೆಸುವ ಪಂದ್ಯಾವಳಿ ಅದು. ಟಿಕೆಟಿನಿಂದ, ಅಂಗಡಿಕಾರರ ಬ್ಯಾನರಿನಿಂದ ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದನ್ನು ಏಳು ಸಮಪಾಲು ಮಾಡುವುದು ಮೊದಲಿನಿಂದ ಬಂದ ಪದ್ಧತಿ. ಆತಿಥೇಯ ಕಾಲೇಜಿನ ದೈಹಿಕ ಶಿಕ್ಷಕರಾದ ಗೌರೀಶ ಈ ಸಲ ಹೊಸ ಲೆಕ್ಕ ತಂದಿದ್ದರು. ಅರ್ಧ ಹಣ ಫೈನಲ್ ಆಡಿದ ಎರಡು ಕಾಲೇಜುಗಳಿಗೆ. ಉಳಿದದ್ದು ಯಾರು ಎಷ್ಟು ಪಂದ್ಯ ಗೆದ್ದರೋ ಅಷ್ಟಷ್ಟು.

ಕಿಟಕಿಯ ಪಕ್ಕ ಮೀನಾ ಕುಳಿತಿದ್ದಳು. ಅವಳು ಮುನವಳ್ಳಿಯ ಕಾಲೇಜಿನ ದೈಹಿಕ ಶಿಕ್ಷಕಿ. ಅವಳ ಹುಡುಗರು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆದರೆ ಅವಳ ಚಿಂತೆ ಹುಡುಗರದಾಗಿರಲಿಲ್ಲ. ವಿಶ್ವವಿದ್ಯಾಲಯದ ಪಂದ್ಯಕ್ಕೆ ಹುಡುಗಿಯರ ತಂಡವನ್ನು ಬೆಳಗಾವಿಗೆ ಕರೆದೊಯ್ಯಬೇಕಿತ್ತು. ಹುಡುಗಿಯರ ಆಟಕ್ಕೆ ಟಿಕೆಟ್ ಕೊಳ್ಳುವವರಿಲ್ಲ, ಬ್ಯಾನರ್ ಕಟ್ಟುವವರಿಲ್ಲ. ಪ್ರಾಚಾರ್ಯರು ಮೊದಲೇ ಹೇಳಿಬಿಟ್ಟಿದ್ದರು: “ಬೈಲಹೊಂಗಲದಿಂದ ಪಾಲು ಬಂದ್ರ ಕರಕೊಂಡು ಹೋಗ್ರಿ ಮೇಡಂ. ಇಲ್ಲಾಂದ್ರ ಈ ವರ್ಷ ಹೆಸರು ವಾಪಸ್ ತಗೊಂಡುಬಿಡ್ರಿ.”

ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಈಗ ಒಂದೂ ಬಾಯಿಗೆ ಬರಲೊಲ್ಲದು. ಯಾರಾದರೂ ದನಿ ಏರಿಸಿದರೆ ಸಾಕು, ಅವಳ ಮಾತು ಹಗ್ಗ ಕಡಿದ ಕೊಡದ ಹಾಗೆ ತಳ ಸೇರಿಬಿಡುತ್ತಿತ್ತು.

“ಮುನವಳ್ಳಿ ಮೇಡಂ ಏನಂತೀರಿ?” ಗೌರೀಶ ನಕ್ಕರು. “ನಿಮ್ಮ ಹುಡುಗ್ರು ಬಸ್ಸಿನ ಧೂಳ ಜಾಡಿಸ್ಕೊಳ್ಳೂದ್ರಾಗ ಸೋತು ಹ್ವಾದ್ರು. ಆ ಬಸ್ಸಿನ ಚಾರ್ಜ್ ಅಂತೂ ಕೊಡ್ತೇವ್ರಿ, ಚಿಂತಿ ಬ್ಯಾಡ.”

ಒಂದಿಬ್ಬರು ನಕ್ಕರು. ಅಷ್ಟರಲ್ಲಿ ಚಹಾ ಬಂತು. ಪಿತ್ತ ಹೆಚ್ಚಾಗಿ ಎದೆ ಉರಿಯುತ್ತದೆಂದು ಡಾಕ್ಟರು ಮೀನಾಳಿಗೆ ಚಹಾ ಬಿಡಿಸಿದ್ದರು. ಬೇಡ ಎನ್ನುವ ಮೊದಲೇ ಕಪ್ಪು ಎದುರಿಗೆ ಬಂದು ಕೂತಿತು. ಅವಳು ಅದನ್ನು ಮುಟ್ಟಲಿಲ್ಲ.

ಮಾತು ಮುಂದುವರಿಯಿತು. ಹೊಸ ಲೆಕ್ಕದಿಂದ ಲಾಭವಾಗುವ ರಾಮದುರ್ಗದ ಕಲ್ಮೇಶ ಚಹಾ ಹೀರುತ್ತ ತಲೆದೂಗುತ್ತಿದ್ದರು. ಉಳಿದವರು ಗೋಡೆ ನೋಡುತ್ತಿದ್ದರು.

“ಹಂಗಾರ ಕೈ ಎತ್ತೂಣು,” ಎಂದರು ಗೌರೀಶ.

“ತಡೀರಿ,” ಎಂದರು ಸವದತ್ತಿಯ ಮಡಿವಾಳೆಪ್ಪ. ಮುಂದಿನ ವರ್ಷ ನಿವೃತ್ತರಾಗಲಿದ್ದ ಅವರು ಊರಿನ ಎಷ್ಟೋ ಜಗಳಗಳ ರಾಜಿಗೆ ಕುಳಿತವರು. ಅವರ ಕಣ್ಣು ಮೀನಾಳ ಕಪ್ಪಿನ ಮೇಲಿತ್ತು. ಚಹಾದ ಮೇಲೆ ಕೆನೆ ಕಟ್ಟಿತ್ತು. “ಮೇಡಮ್ಮಾರು ಚಾ ಮುಟ್ಟಿಲ್ಲ.”

ಈ ಕಡೆ ಪಾಲಿನ ಮಾತಿಗೆ ಕೂತಾಗ ಚಹಾ ಕುಡಿದರೆ ಒಪ್ಪಿದಂತೆ. ಮುಟ್ಟದೆ ಎದ್ದರೆ ಸಂಬಂಧ ಹರಿದಂತೆ. ಹಾಗೆ ಎದ್ದು ಹೋದ ಅಣ್ಣತಮ್ಮಂದಿರು ಒಬ್ಬರ ಹೆಣಕ್ಕೊಬ್ಬರು ಬಾರದ್ದನ್ನು ಅಲ್ಲಿದ್ದವರೆಲ್ಲ ಕಂಡವರೇ. ಕಲ್ಮೇಶ ತಮ್ಮ ಅರ್ಧ ಕುಡಿದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

“ಅಯ್ಯ, ಸಿಟ್ಟಿಗೇಳಬ್ಯಾಡ್ರಿ ಮೇಡಂ. ಚ್ಯಾಷ್ಟಿಗೆ ಅಂದ್ನಿ,” ಎಂದರು ಗೌರೀಶ.

‘ಸಿಟ್ಟಲ್ರೀ, ಪಿತ್ತ’ ಎಂಬ ಮಾತು ಮೀನಾಳ ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಅವಳ ಮೌನವೆಲ್ಲ ಬೇರೆಯವರ ದನಿಗೆ ಹೆದರಿದ್ದು. ಈಗ ಮೊದಲ ಸಲ ಅವಳು ಬೇಕೆಂದೇ ಸುಮ್ಮನಿದ್ದಳು. ಕಿಟಕಿಯಾಚೆ ಮೈದಾನದಲ್ಲಿ ಯಾರೋ ಶಾಮಿಯಾನದ ಗೂಟ ಕೀಳುತ್ತಿದ್ದ ಸದ್ದು ಕೇಳುತ್ತಿತ್ತು.

“ಮುನವಳ್ಳಿ ಕೂಟ ಬಿಟ್ರ ಸವದತ್ತಿನೂ ಬಿಡತೈತಿ,” ಎಂದರು ಮಡಿವಾಳೆಪ್ಪ. “ಆಮ್ಯಾಲ ನೀವು ರಾಮದುರ್ಗದವ್ರು ಕೂಡಿ ನೀವ ನೀವ ಆಡ್ರಿ. ಟಿಕೀಟು ಯಾರು ತಗೋತಾರ ನೋಡೂಣು.”

“ಖರೇ ಐತ್ರಿ ಸರ,” ಕಲ್ಮೇಶ ಗಂಟಲು ಸರಿಮಾಡಿಕೊಂಡರು. “ಸೋಲಾಕ ಯಾರೂ ಬರಲಿಲ್ಲಂದ್ರ ಅಜಿತ ಕಂಬಾ ಹಿಡೀತಾನೇನು? ನಿನ್ನೆ ನಾವೂ ಸೋತವ್ರ ಅಲ್ಲೇನ್ರಿ.”

ಗೌರೀಶ ಒಬ್ಬೊಬ್ಬರ ಮುಖ ನೋಡಿದರು. ಯಾರೂ ಅವರ ಕಡೆ ನೋಡಲಿಲ್ಲ. ಕೊನೆಗೆ ನೋಡಿದ್ದು ಆ ಕಪ್ಪನ್ನು.

“ಆತು ಬಿಡ್ರೆಪಾ, ಹಳೇ ಪದ್ಧತಿನ ಇರಲಿ. ಏಳು ಪಾಲು,” ಎಂದರು. “ಮೇಡಂ, ಈಗರ ಚಾ ತಗೋರಿ. ಬಿಸೀದು ತರಸ್ಲೇನು?”

“ಬ್ಯಾಡ್ರಿ ಸರ, ಇದ ಸಾಕು,” ಎಂದಳು ಮೀನಾ. ಆ ಮುಂಜಾನೆ ಅವಳಾಡಿದ ಮೊದಲ ಮಾತು ಅದು. ಎಲ್ಲರೂ ನೋಡುತ್ತಿರುವಂತೆ ಕೆನೆಯನ್ನು ಬೆರಳಿನಿಂದ ಸರಿಸಿ, ಆರಿದ ಚಹಾವನ್ನು ತಳ ಕಾಣುವವರೆಗೆ ಕುಡಿದಳು. ಮಡಿವಾಳೆಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು.

ಮುನವಳ್ಳಿಯ ಬಸ್ಸಿನಲ್ಲಿ ಕೂತಾಗ ಎದೆ ಉರಿಯತೊಡಗಿತು. ಹುಳಿ ತೇಗು ಗಂಟಲಿಗೆ ಬಂದಾಗೆಲ್ಲ ಅವಳಿಗೆ ನಗು ಬರುತ್ತಿತ್ತು. ಸುಳ್ಳು ಹೇಳಿದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಏನೂ ಹೇಳಿರಲಿಲ್ಲ. ಹಾಗೆಂದು ಪೂರಾ ಸಮಾಧಾನವೂ ಆಗಲಿಲ್ಲ. ಪಕ್ಕದ ಮುದುಕಿ, “ಯಾಕ ಯವ್ವಾ, ಒಬ್ಬಾಕಿನ ನಗಾಕತ್ತಿ?” ಎಂದಳು. “ಏನಿಲ್ಲ ಆಯಿ, ಹೊಟ್ಟಿ ಉರ್ಯಾಕತ್ತೈತಿ,” ಎಂದಳು ಮೀನಾ. ಮುದುಕಿ ಸ್ವಲ್ಪ ಆಚೆ ಸರಿದು ಕೂತಳು.

ಅವಳು ಕಾಲೇಜು ಮುಟ್ಟಿದಾಗ ಹುಡುಗಿಯರು ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುತ್ತಿದ್ದರು. ತಂಡದ ನಾಯಕಿ ರೇಣು ಎದುರು ಪಾಳೆಯದಲ್ಲಿ ಕಬಡ್ಡಿ, ಕಬಡ್ಡಿ ಎನ್ನುತ್ತ ಬಗ್ಗಿ ಸುಳಿಯುತ್ತಿದ್ದಳು. ಹಿಡಿಯುವವರು ಕೈಗೆ ಕೈ ಕೊಂಡಿ ಹಾಕಿ ಹೊಂಚಿ ನಿಂತಿದ್ದರು. ಮೀನಾ ಗೆರೆಯ ಹೊರಗೆ ನಿಂತಳು. ಎಲ್ಲರ ಕಣ್ಣೂ ಅವಳತ್ತ ಹೊರಳಿದವು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

“ಬೆಳಗಾವಿಗೆ ಹೊಂಟೇವಿ,” ಎಂದಳು.

ಎದುರು ಸಾಲಿನವರು ಹಿಡಿದ ಕೈ ಬಿಡದೆ, ನಿಂತಲ್ಲೇ ಕುಪ್ಪಳಿಸತೊಡಗಿದರು. ರೇಣು ಮಾತ್ರ ಉಸಿರು ಕಡಿಯಲಿಲ್ಲ. ಕಬಡ್ಡಿ, ಕಬಡ್ಡಿ, ಕಬಡ್ಡಿ ಎನ್ನುತ್ತಲೇ, ಕುಣಿಯುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಮುಟ್ಟುತ್ತ ಬಂದಳು.