ಹಿಂಜೇಬಿನ ರಟ್ಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನಾನೊಬ್ಬಳೇ ಹೇಳಬಹುದಾದ ಸಂಗತಿಯಲ್ಲ. ಇದರಲ್ಲಿ ಅರ್ಧ ನನ್ನ ಜೊತೆ ಕೆಲಸ ಮಾಡುವ ಹಂಪಕ್ಕನದು, ಅವಳನ್ನು ನಾನು ಕೇಳಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದಳೋ ಏನೋ. ಮದುವೆಯಾದ ಮೇಲೆ ಸಂಜೆ ಕ್ಲಾಸಿಗೆ ಹೋಗಿ ಹತ್ತನೇ ತರಗತಿ ಪಾಸು ಮಾಡಿದವಳಿಗೆ ಕಥೆ ಬರೆಯುವ ಧೈರ್ಯ ಯಾಕೆ ಎಂದುಕೊಂಡು ಪೆನ್ನು ಮುಚ್ಚಿಟ್ಟಿದ್ದೂ ಉಂಟು. ಆದರೂ ಬರೆಯುತ್ತಿದ್ದೇನೆ. ತಪ್ಪಿದ್ದರೆ ನನ್ನದೇ ತಪ್ಪು.

ರಾಯದುರ್ಗದಲ್ಲಿ ಬಾಲರಾಜು ಅವರ ಜೀನ್ಸ್ ಯೂನಿಟ್ಟಿನಲ್ಲಿ ನಾನು ಚೆಕಿಂಗ್ ಮಾಡುತ್ತಿದ್ದೆ. ಹೊಲಿದು ಬಂದ ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ, ಹೊಲಿಗೆ ಬಿಟ್ಟಿದೆಯಾ, ದಾರ ಜೋತಿದೆಯಾ, ಎರಡು ಕಾಲೂ ಸಮ ಇವೆಯಾ ಎಂದು ನೋಡಿ, ತಪ್ಪಿರುವ ಕಡೆ ಚಾಕ್‌ಪೀಸಿನಿಂದ ಸುತ್ತು ಹಾಕಿ ವಾಪಸು ಎಸೆಯುವ ಕೆಲಸ. ಈ ಕೆಲಸ ಒಮ್ಮೆ ಕಣ್ಣಿಗೆ ಹತ್ತಿಕೊಂಡರೆ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಕೂತರೂ ಮುಂದಿನವರ ರವಿಕೆಯ ತೋಳು ಸೊಟ್ಟಗಿರುವುದೇ ಕಾಣುತ್ತದೆ.

ನನ್ನ ತವರು ಮಡಕಶಿರಾ ಪಕ್ಕದ ಅಮರಾಪುರ. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ನನ್ನ ಮಾತು ಕೇಳಿ ಯೂನಿಟ್ಟಿನವರೆಲ್ಲ ನಗುತ್ತಿದ್ದರು. ಹಂಪಕ್ಕನೂ ನಕ್ಕಳು, ಆದರೆ ಪಕ್ಕದಲ್ಲಿ ಕೂರಿಸಿಕೊಂಡು ನಕ್ಕಳು. ಅವಳು ದಿನಾ ಡಿ. ಹಿರೇಹಾಳ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ತುಂಬ ದೊಡ್ಡವಳು, ಹಿಂಜೇಬು ಹೊಲಿಯುವುದು ಅವಳ ಕೆಲಸ. ಮಧ್ಯಾಹ್ನ ಊಟಕ್ಕೆ ಕೂತರೆ ಅವಳ ಜೋಳದ ರೊಟ್ಟಿ ನನ್ನ ಡಬ್ಬಿಗೆ ಬರುತ್ತಿತ್ತು, ನನ್ನ ಮುದ್ದೆ ಅವಳ ಡಬ್ಬಿಗೆ ಹೋಗುತ್ತಿತ್ತು. “ನಿಮ್ಮ ಕಡಿ ಮಂದಿ ಮುದ್ದಿ ನುಂಗ್ತೀರಿ. ಹಲ್ಲು ಯಾಕ ಇಟ್ಕೊಂಡೀರೋ ಏನೋ” ಅನ್ನುತ್ತಲೇ ಮುದ್ದೆಯನ್ನು ಪೂರ್ತಿ ತಿನ್ನುತ್ತಿದ್ದಳು.

ಹಿಂಜೇಬಿನ ಮೇಲೆ ಹಾಕುವ ಅಲಂಕಾರದ ಹೊಲಿಗೆ ನಮ್ಮ ಯೂನಿಟ್ಟಿನ ಹೆಸರಿದ್ದ ಹಾಗೆ. ಅದನ್ನು ಗೀಚಿದವನು ಕಟಿಂಗ್ ಮಾಸ್ಟರ್ ಓಬುಲೇಶ್. ಬಾಗಿದ ರಾಗಿ ತೆನೆಯಂತೆ ಎರಡೆಳೆಯ ಗೆರೆ. ಅದೇ ಗೆರೆಯಲ್ಲಿ ಸಣ್ಣ ತೂತು ಹೊಡೆದ ರಟ್ಟನ್ನು ಬಟ್ಟೆಯ ಮೇಲಿಟ್ಟು ಚಾಕ್ ಪುಡಿ ಉಜ್ಜಿದರೆ ಚುಕ್ಕಿ ಬೀಳುತ್ತದೆ, ಚುಕ್ಕಿಯ ಮೇಲೆ ಮೆಶಿನ್ ಓಡುತ್ತದೆ. ಅಂಥ ರಟ್ಟು ಇದ್ದದ್ದು ಮೂವರ ಹತ್ತಿರ ಮಾತ್ರ. ಓಬುಲೇಶ್ ಹತ್ತಿರ ಒಂದು, ಹಂಪಕ್ಕನ ಮೆಶಿನ್ನಿನ ಮೇಲೆ ಒಂದು, ಸರಿನೋಡಲು ನನ್ನ ಮೇಜಿನ ಮೇಲೆ ಒಂದು.

ಹೋದ ಬೇಸಿಗೆಯಲ್ಲಿ ತವರಿಗೆ ಹೋಗಿದ್ದಾಗ ತಮ್ಮನಿಗೆ ಪ್ಯಾಂಟು ತರಲು ಮಡಕಶಿರಾದ ಒಂದು ಅಂಗಡಿಗೆ ಹೋದೆ. ಹೊರಗೆ ನೇತುಹಾಕಿದ್ದ ಪ್ಯಾಂಟಿನ ಹಿಂಜೇಬಿನಲ್ಲಿ ನಮ್ಮ ತೆನೆ ಇತ್ತು. ಅಲ್ಲೇ ನಿಂತು ಒಳಮಗ್ಗುಲು ತಿರುಗಿಸಿ ನೋಡಿದೆ. ಹೊಲಿಗೆ ನಮ್ಮದಲ್ಲ, ದಾರವೂ ನಮ್ಮದಲ್ಲ. ತೆನೆ ಮಾತ್ರ ಒಂದು ಚುಕ್ಕಿಯೂ ಆಚೀಚೆಯಾಗದಂತೆ ನಮ್ಮದೇ. ಕಣ್ಣಲ್ಲಿ ನೋಡಿ ಕದ್ದದ್ದಾದರೆ ಬಾಗು ಎಲ್ಲಾದರೂ ತಪ್ಪುತ್ತದೆ. ಇದು ರಟ್ಟನ್ನೇ ಇಟ್ಟು ತೆಗೆದದ್ದು.

ಕಂಡದ್ದನ್ನು ಒಳಗೆ ಇಟ್ಟುಕೊಳ್ಳಲು ನನಗೆ ಬರುವುದಿಲ್ಲ. ವಾಪಸು ಬಂದವಳೇ ಬಾಲರಾಜು ಅವರಿಗೆ ಹೇಳಿದೆ. ಅವರು ರೂಮಿನ ಬಾಗಿಲು ಹಾಕಿಕೊಂಡು ಬಂದು ಕೂತರು. ಓಬುಲೇಶ್ ತಮ್ಮ ಸ್ವಂತ ಅಕ್ಕನ ಮಗ, ಅವನ ಮಾತು ಬೇಡ ಎಂದರು. ಆಮೇಲೆ ಮೆಲ್ಲಗೆ, “ಉಳಿದೋರಾಗ ಒಬ್ಬಾಕಿ ನೀನು, ಒಬ್ಬಾಕಿ ಹಂಪಕ್ಕ. ಬರೋ ಸೋಮವಾರ ಬಂದು ನನಗ ಒಂದು ಹೆಸರು ಹೇಳಮ್ಮಾ. ಮುಂದಿಂದು ನಾ ನೋಡ್ಕೊಂತೀನಿ” ಎಂದರು.

ಮುಂದಿನದು ಏನೆಂದು ನನಗೆ ಗೊತ್ತಿತ್ತು. ರಾಯದುರ್ಗದಲ್ಲಿ ಬೀದಿಗೊಂದು ಯೂನಿಟ್ಟಿದೆ, ಆದರೆ ಓನರುಗಳೆಲ್ಲ ಒಬ್ಬರಿಗೊಬ್ಬರು ಬೇಕಾದವರು. ರಟ್ಟು ಕೊಟ್ಟವಳು ಎಂದು ಒಂದು ಕಡೆ ಹೊರಗೆ ಹಾಕಿದರೆ ಮತ್ತೆಲ್ಲೂ ಮೆಶಿನ್ನಿನ ಮುಂದೆ ಕೂರಿಸುವುದಿಲ್ಲ. ಹಂಪಕ್ಕನ ಮನೆ ನಡೆಯುವುದೇ ಆ ಮೆಶಿನ್ನಿನಿಂದ. ನಾನು ಹೆಸರು ಹೇಳದೆ ಹೋದರೆ ಉಳಿಯುವ ಹೆಸರು ನನ್ನದು. ಅದೂ ರಟ್ಟು ಹೋದ ಮಡಕಶಿರಾ ಕಡೆಯವಳೇ ನಾನು.

ಅವತ್ತಿನಿಂದ ನಾನು ಹಂಪಕ್ಕನನ್ನು ಚೆಕ್ ಮಾಡಲು ಶುರುಮಾಡಿದೆ.

ನೋಡಲು ಹೋದರೆ ಎಲ್ಲವೂ ಸಿಗುತ್ತಾ ಬಂತು. ಮೊದಲನೆಯದಾಗಿ ಅವಳು ನನ್ನ ಡಬ್ಬಿಯಿಂದ ತಿನ್ನುವುದನ್ನು ನಿಲ್ಲಿಸಿದಳು. ಹೊಟ್ಟೆ ಸರಿಯಿಲ್ಲ ಎಂದಳು, ಹಾಗೆಂದು ತನ್ನ ರೊಟ್ಟಿಯನ್ನೇನೂ ಬಿಡಲಿಲ್ಲ. ಅವಳ ಹತ್ತಿರ ಒಂದು ಹೊಸ ಬಟ್ಟೆಯ ಚೀಲ ಬಂದಿತ್ತು. ಅದನ್ನು ನೆಲಕ್ಕಿಡದೆ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದಳು. ಒಂದು ದಿನ ಗೋಡೆಯ ಧೂಳು ಹೊಡೆಯುವಾಗ ಅಡ್ಡ ಬಂತೆಂದು ನಾನು ಚೀಲಕ್ಕೆ ಕೈ ಹಾಕಿದ್ದೇ ತಡ, ಓಡುತ್ತಿದ್ದ ಮೆಶಿನ್ ನಿಲ್ಲಿಸಿ ಬಂದು ಕಿತ್ತುಕೊಂಡಂತೆ ತೆಗೆದುಕೊಂಡಳು. ರಟ್ಟು ಹಿಡಿಸುವಷ್ಟು ಅಗಲದ ಚೀಲ. ಮತ್ತೊಂದು ದಿನ ಬಾಲರಾಜು ಅವರ ರೂಮಿನಿಂದ ಹೊರಗೆ ಬಂದವಳು ನನ್ನ ಮುಖ ನೋಡದೆ ಹೋಗಿ ಕೂತಳು. ಪಕ್ಕದ ಮೆಶಿನ್ನಿನ ವಾಣಿಶ್ರೀ, ಹಂಪಕ್ಕ ಭಾನುವಾರದ ಮಡಕಶಿರಾ ಬಸ್ಸುಗಳನ್ನು ವಿಚಾರಿಸುತ್ತಿದ್ದಳು, ನಿಮ್ಮೂರಿಗೇನಾದರೂ ಬರುತ್ತಿದ್ದಾಳಾ ಎಂದು ನನ್ನನ್ನೇ ಕೇಳಿದಳು.

ನಾನು ಇಲ್ಲ ಎಂದೆ. ಒಳಗೆ ಮಾತ್ರ ಹಂಪಕ್ಕನ ಹೆಸರಿಗೆ ಚಾಕ್‌ಪೀಸಿನ ಸುತ್ತು ಹಾಕಿಯಾಗಿತ್ತು.

ಭಾನುವಾರ ಅವ್ವನನ್ನು ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಟೆ. ಮಡಕಶಿರಾಕ್ಕೆ ಹೋಗುವವರು ಬಸ್ಸು ಬದಲಿಸುವ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ನಾನು ಎಣಿಸಿದಂತೆಯೇ ಹಂಪಕ್ಕ ಬಂದು ಹಳ್ಳಿಹಳ್ಳಿಗೂ ನಿಲ್ಲುವ ಮಡಕಶಿರಾದ ಪಲ್ಲೆವೆಲುಗು ಬಸ್ಸು ಹತ್ತಿದಳು. ನಾನು ಸೆರಗು ತಲೆ ಮೇಲೆ ಎಳೆದುಕೊಂಡು ಹಿಂದಿನ ಬಾಗಿಲಿನಿಂದ ಹತ್ತಿದೆ. ಹೆಂಗಸರಿಗೆ ಟಿಕೆಟು ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವತ್ತು ಆ ಜನರ ನಡುವೆ ಬಚ್ಚಿಟ್ಟುಕೊಳ್ಳಲು ಅನುಕೂಲವೇ ಆಯಿತು. ಕಂಡಕ್ಟರ್ ಆಧಾರ್ ಕಾರ್ಡು ಕೇಳಿದಾಗ ಹಂಪಕ್ಕ ಒಂದೇ ಕೈಯಲ್ಲಿ ತಡಕಾಡಿ ತೆಗೆದಳು. ಇನ್ನೊಂದು ಕೈ ಮಡಿಲಲ್ಲಿದ್ದ ಚೀಲವನ್ನು ಬಿಡಲಿಲ್ಲ. ಪಕ್ಕದ ಮುದುಕಿ ಹುರಿದ ಕಡಲೆಕಾಯಿ ಕೊಡಲು ಬಂದರೆ ಬೇಡವೆಂದು ತಲೆಯಾಡಿಸಿದಳು. ನಾನು ದಾರಿಯುದ್ದಕ್ಕೂ ಅವಳ ಬೆನ್ನನ್ನೇ ನೋಡಿಕೊಂಡು ಹೋದೆ.

ಮಡಕಶಿರಾದಲ್ಲಿ ಇಳಿದು ಅವಳು ನೆಟ್ಟಗೆ ಅದೇ ಅಂಗಡಿಯ ಕಡೆ ನಡೆದಳು. ಅಂಗಡಿಯ ಮುಂದೆ ನಿಂತಳು. ನೇತುಹಾಕಿದ್ದ ಪ್ಯಾಂಟಿನ ಹಿಂಜೇಬನ್ನು ಹೆಬ್ಬೆರಳಿನಿಂದ ಸವರಿದಳು. ಒಳಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಮುಂದೆ ನಡೆದು, ರೊಳ್ಳದ ಬಸ್ಸುಗಳು ನಿಲ್ಲುವ ಕಡೆ ಬೇವಿನ ಮರದ ಕೆಳಗೆ ನಿಂತು, ಹಿಂದೆ ತಿರುಗದೆಯೇ ಹೇಳಿದಳು:

“ಬಿಸಿಲಾಗ ಯಾಕ ನಿಂತಿ ಲತಾ? ಬಾ, ಇಲ್ಲಿ ನೆಳ್ಳು ಐತಿ.”

ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

“ಕಲ್ಯಾಣದುರ್ಗದಿಂದ ನೋಡಾಕತ್ತೀನಿ. ಸೆರಗು ಹೊದ್ಕೊಂಡ್ರ ಚಪ್ಪಲಿ ಮುಚ್ಚತಾವೇನು? ಆ ಹಸಿರು ಚಪ್ಪಲಿ ತಗೊಳ್ಳಾಕ ನಿನ್ನ ಕೂಡ ಬಂದಾಕಿ ನಾನ.”

ಹತ್ತಿರ ಹೋಗಿ, ಅವ್ವನನ್ನು ನೋಡಲು ಬಂದೆ ಎಂದು ಏನೋ ಗೊಣಗಿದೆ. ಅಮರಾಪುರದ ಬಸ್ಸು ನಿಲ್ಲುವುದು ಆ ಕಡೆ ಎಂದು ಕೈ ತೋರಿಸಿದಳು. ಅಲ್ಲಿಗೆ ನನ್ನ ಸುಳ್ಳು ಮುಗಿಯಿತು. ಚೀಲದಲ್ಲಿ ಏನಿದೆ ಎಂದು ಕೇಳಿಯೇಬಿಟ್ಟೆ.

ಅವಳು ಚೀಲದ ಬಾಯಿ ಅಗಲಿಸಿದಳು. ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಗಂಟು ಕಟ್ಟಿದ ಮುಡುಪು, ಜೊತೆಗೆ ತೆಂಗಿನಕಾಯಿ, ಒಂದು ಕುಪ್ಪಸದ ತುಂಡು. ಅವಳ ಗಂಡನ ಮನೆದೇವರು ರೊಳ್ಳದ ಹತ್ತಿರದ ರತ್ನಗಿರಿಯ ಅಮ್ಮ. ಹರಕೆ ಹೊತ್ತು ಮುಡುಪು ಕಟ್ಟಿದ ಮೇಲೆ ಅದನ್ನು ಮುಟ್ಟಿಸುವ ತನಕ ಕೆಲವು ಕಟ್ಟುಪಾಡು ಇವೆಯಂತೆ.

“ನೆಲಕ್ಕ ಇಡಂಗಿಲ್ಲ. ಬ್ಯಾರೆ ಮನಿ ಉಪ್ಪು ತಿನ್ನಂಗಿಲ್ಲ. ಯಾರ ಸಲುವಾಗಿ ಅಂತ ಬಾಯಿ ಬಿಡಂಗಿಲ್ಲ. ನಮ್ಮತ್ತಿ ಕಾಲದಿಂದ ಹಿಂಗ.”

“ಮತ್ತೆ ಒಟ್ಟೆ ಸರಿಯಿಲ್ಲ ಅಂತ ಯಾಕಕ್ಕ ಸುಳ್ಳೇಳ್ದೆ?”

“ಮುಡುಪು ಅಂದ್ರ ಯಾರಿಗಂತ ಕೇಳ್ತಿದ್ದಿ. ನೀ ಕೇಳದ ಬಿಡಾಕಿಯೇನು?”

ನಗು ಬರಬೇಕಿತ್ತು, ಬರಲಿಲ್ಲ. ಮುಡುಪು ನಿಜವಾದ ಮಾತ್ರಕ್ಕೆ ರಟ್ಟಿನ ಮಾತು ಸುಳ್ಳಾಗುವುದಿಲ್ಲ ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಅಂಗಡಿಯ ಮುಂದೆ ಅವಳು ಯಾಕೆ ನಿಂತಳು? ನಾನು ಕಂಡ ಪ್ಯಾಂಟು ಯಾವ ಅಂಗಡಿಯದು ಎಂದು ಅವಳಿಗೆ ಹೇಳಿದವರು ಯಾರು?

ಅದನ್ನು ಕೇಳುವ ಮೊದಲೇ ಅವಳು ಹೇಳಿದಳು. “ಓನರ್ ನನ್ನೂ ಕರದಿದ್ರು. ಮಡಕಶಿರಾದಾಗ ನಮ್ಮ ತೆನಿ ಕಂಡೈತಂತ, ಇಂಥಾ ಅಂಗಡಿ ಅಂತ ಹೇಳಿದ್ರು. ಲತಾ ಹೆಂಗ, ಆಕಿ ಮ್ಯಾಲೆ ನಿನಗೇನರ ಅನುಮಾನ ಐತೇನು ಅಂದ್ರು.”

ನಾನು ತಲೆಯ ಮೇಲಿದ್ದ ಸೆರಗು ಇಳಿಸಿದೆ. “ನೀನೇನಂದೆ ಅಕ್ಕ?”

“ನೀ ಏನಂದಿ ನನ್ನ ಬಗ್ಗೆ?”

“ಇನ್ನೂ ಏನೂ ಹೇಳಿಲ್ಲ. ನಾಳೆ ಹೇಳ್ಬೇಕು.”

ಹಂಪಕ್ಕ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. “ಹಂಗಾರ ನಾ ಈಗ ಹೇಳಂಗಿಲ್ಲ. ನಾ ಅಂದದ್ದು ಕೇಳಿ ಅದಕ್ಕ ತಕ್ಕಂಗ ನೀ ಅಂತಿ. ಅದು ಬ್ಯಾಡ. ನಿನಗೇನು ತಿಳದೈತೋ ಅದನ್ನ ಹೇಳು.”

ಅವಳ ಮುಖದಲ್ಲಿ ಕೋಪವಿತ್ತೋ, ಬೇಸರವಿತ್ತೋ ಹೇಳಲಾರೆ. ರೊಳ್ಳದ ಬಸ್ಸು ಬಂತು. ಹತ್ತಿ ಹೋದಳು.

ಸಂಜೆ ಅಮರಾಪುರದಲ್ಲಿ ಅವ್ವ ಮುದ್ದೆ ಇಟ್ಟು ಮುಂದೆ ಕೂತಿದ್ದಳು. ನಾನು ತಿನ್ನದೆ ತಟ್ಟೆಯನ್ನೇ ನೋಡುತ್ತಿದ್ದೆ. “ಏನಮ್ಮಿ, ಮುದ್ದೆ ಇಂಗೆ ತಿರುಗ್ಸಿ ತಿರುಗ್ಸಿ ನೋಡ್ತೀಯ? ಒಲಿಗೆ ಬಿಟ್ಟೈತಾ, ದಾರ ಜೋತೈತಾ?” ಎಂದಳು. ನನ್ನ ಅವ್ವ ನರಸಕ್ಕನಿಗೆ ಎಲ್ಲದರಲ್ಲೂ ತಮಾಷೆ. ಆದರೆ ಆ ಮಾತಿಗೆ ನನಗೆ ಅಳು ಬಂತು. ಯಾಕೆಂದು ಅವಳು ಕೇಳಲಿಲ್ಲ. ಇನ್ನೊಂದು ಸೌಟು ಸಾರು ಬಿಟ್ಟಳು.

ಊಟವಾದ ಮೇಲೆ ಜಗಲಿಯ ಮೇಲೆ ಕೂತು ಯೋಚಿಸಿದೆ. ಚೆಕಿಂಗ್ ಕಲಿಸುವಾಗ ಓಬುಲೇಶ್ ಒಂದು ನಿಯಮ ಹೇಳಿದ್ದ. ಬೆರಳಿಟ್ಟು ತೋರಿಸಲು ಆಗುವ ಕಡೆ ಮಾತ್ರ ಗುರುತು ಹಾಕು. ಏನೋ ಸರಿಯಿಲ್ಲ ಅನಿಸಿತು ಎಂದು ಹಾಕಬೇಡ, ಟೈಲರ್ ಬಂದು ಎಲ್ಲಿ ಎಂದು ಕೇಳಿದರೆ ತೋರಿಸಬೇಕು. ಹಂಪಕ್ಕನ ವಿಷಯದಲ್ಲಿ ನಾನು ಬೆರಳಿಡುವುದು ಎಲ್ಲಿ? ನನ್ನ ಮುದ್ದೆ ತಿನ್ನಲಿಲ್ಲ. ಚೀಲ ಮುಟ್ಟಗೊಡಲಿಲ್ಲ. ಬಸ್ಸು ಹತ್ತಿದಳು. ಇವುಗಳಲ್ಲಿ ಯಾವುದರ ಮೇಲೆ ಬೆರಳಿಟ್ಟರೂ ಕೆಳಗೆ ರಟ್ಟು ಸಿಗುವುದಿಲ್ಲ. ಬಟ್ಟೆಗೆ ತೋರಿಸುತ್ತಿದ್ದ ನ್ಯಾಯವನ್ನು ನಾನು ಪಕ್ಕದಲ್ಲಿ ಕೂತು ಉಂಡವಳಿಗೆ ತೋರಿಸಿರಲಿಲ್ಲ.

ಇನ್ನೂ ಒಂದು ಮಾತು ಹೊಳೆಯಿತು, ಅದು ಕಹಿಯಾಗಿತ್ತು. ನಾನು ಹುಡುಕುತ್ತಿದ್ದದ್ದು ರಟ್ಟು ಕೊಟ್ಟವರನ್ನಲ್ಲ. ನನ್ನ ಹೆಸರಿನ ಬದಲಿಗೆ ಇಡಲು ಒಂದು ಹೆಸರನ್ನು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಯೂನಿಟ್ಟಿಗೆ ಬಂದು ನೇರ ಬಾಲರಾಜು ಅವರ ರೂಮಿಗೆ ಹೋದೆ. ಯಾರೆಂದು ನನಗೆ ಗೊತ್ತಿಲ್ಲ ಎಂದೆ.

ಅವರು ಮೊದಲು ಸಮಾಧಾನದಿಂದಲೇ ಕೇಳಿದರು. ಹಂಪಕ್ಕ ನಿನ್ನೆ ಮಡಕಶಿರಾಕ್ಕೆ ಹೋಗಿದ್ದು ಅವರಿಗೆ ಗೊತ್ತಿತ್ತು. ವಾಣಿಶ್ರೀ ಹೇಳಿದ್ದಳಂತೆ. ನೀನು ಬಾಯಿಬಿಟ್ಟು ಹೇಳುವುದೇ ಬೇಡ, ನಾನು ಹೆಸರು ಹೇಳುತ್ತೇನೆ, ತಲೆಯಾಡಿಸು ಸಾಕು ಎಂದರು. ತಲೆಯಾಡಿಸುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು.

“ಅವಳು ದೇವರಿಗೆ ಹೋಗಿದ್ಲು ಸಾರ್. ಮುಡುಪು ಇಟ್ಕೊಂಡು ರೊಳ್ಳದ ಬಸ್ಸು ಹತ್ತಿದ್ದು ನಾನೇ ಕಣ್ಣಾರೆ ನೋಡಿದೆ. ರಟ್ಟು ಕೊಟ್ಟಿದ್ದು ನಾನು ನೋಡಿಲ್ಲ. ನೋಡಿಲ್ದಿರೋದು ಹೇಳಲ್ಲ.”

“ಚೆಕಿಂಗ್ ಮಾಡಾಕಿ ನೀನು. ಗೊತ್ತಿಲ್ಲ ಅಂದ್ರ ನಿನ್ನನ್ನ ಅಲ್ಲಿ ಯಾಕ ಕುಂದ್ರಸಬೇಕು?”

ಸಂಜೆಯೊಳಗೆ ನನ್ನ ಮೇಜು ವಾಣಿಶ್ರೀಗೆ ಹೋಯಿತು. ರಟ್ಟುಗಳು ಮೂರೂ ಬಾಲರಾಜು ಅವರ ಬೀರು ಸೇರಿದವು. ಬೆಳಿಗ್ಗೆ ಎಣಿಸಿ ಕೊಡುವುದು, ಸಂಜೆ ಎಣಿಸಿ ಇಸಿದುಕೊಳ್ಳುವುದು ಶುರುವಾಯಿತು. ನನ್ನನ್ನು ಗುಂಡಿ ಹೊಡೆಯುವ ಮೆಶಿನ್ನಿಗೆ ಹಾಕಿದರು. ಅದು ಇರುವುದು ಹಂಪಕ್ಕನ ಪಕ್ಕದಲ್ಲಿ. ಅವಳನ್ನೂ ತೆಗೆಯಲಿಲ್ಲ, ನನ್ನನ್ನೂ ತೆಗೆಯಲಿಲ್ಲ. ಒಬ್ಬರ ಮೇಲೊಬ್ಬರು ಕಣ್ಣಿಡಲಿ ಎಂದು ಬೇಕೆಂದೇ ಪಕ್ಕ ಕೂರಿಸಿದರೋ ಏನೋ.

ಚೆಕಿಂಗ್ ಹೋದದ್ದಕ್ಕೆ ಬೇಜಾರಿದೆ, ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನುಮಾನವೂ ಪೂರ್ತಿ ಹೋಗಿಲ್ಲ. ವಾಣಿಶ್ರೀ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಈಗಲೂ ಕಿವಿ ಆ ಕಡೆ ಹೋಗುತ್ತದೆ. ಓಬುಲೇಶ್ ಬೇಗ ಮನೆಗೆ ಹೊರಟರೆ ಯಾಕೆ ಅನಿಸುತ್ತದೆ. ಹಾಗೆ ಅನಿಸಿದಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ, ನೀನು ನೋಡಿದ್ದೇನು, ಅಂದುಕೊಂಡದ್ದೇನು ಎಂದು. ಹೆಚ್ಚಿನ ಸಲ ನೋಡಿದ್ದು ಬಹಳ ಸ್ವಲ್ಪವೇ ಇರುತ್ತದೆ. ಕೇಳಬಹುದಾದದ್ದಾದರೆ ಎದುರಿಗೆ ಹೋಗಿ ಕೇಳುತ್ತೇನೆ. ಮೊದಲಾದರೆ ಈ ಧೈರ್ಯ ನನಗಿರಲಿಲ್ಲ.

ರಟ್ಟು ಯಾರ ಕೈಯಿಂದ ಮಡಕಶಿರಾಕ್ಕೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಹಂಪಕ್ಕ ಅಲ್ಲ ಎಂದು ಆಣೆ ಮಾಡಿ ಹೇಳುವಷ್ಟೂ ನನಗೆ ಗೊತ್ತಿಲ್ಲ. ಅವಳು ಆ ರೂಮಿನಲ್ಲಿ ನನ್ನ ಬಗ್ಗೆ ಏನು ಹೇಳಿದಳೆಂಬುದೂ ಗೊತ್ತಿಲ್ಲ. ಕೇಳಬಹುದು, ಪಕ್ಕದಲ್ಲೇ ಕೂತಿರುತ್ತಾಳೆ. ಅದೊಂದನ್ನು ಮಾತ್ರ ಕೇಳಿಲ್ಲ. ಹೆದರಿ ಕೇಳಿಲ್ಲವೋ, ಬೇಡವೆನಿಸಿ ಕೇಳಿಲ್ಲವೋ, ಅದೂ ನನಗೆ ತಿಳಿದಿಲ್ಲ.