ಇಪ್ಪತ್ತೊಂಬತ್ತು ಮೈಲಿ ಗಾಳಿ

ರೆಟ್ಟಾ ಯಾನೊಸ್ಕೊಗೆ ಹೊಟ್ಟೆಕಿಚ್ಚು ಶುರುವಾದದ್ದು ಯಾವಾಗ ಅಂತ ಅವಳಿಗೇ ನೆನಪಿರಲಿಲ್ಲ. ಬಣ್ಣದ ಡಬ್ಬಿಗಳಿಂದ ಇರಬಹುದು. ಈರಿ ಸರೋವರದ ದಂಡೆಯ ಟ್ಯಾಮರಾಕ್ ಪಾರ್ಕಿನಲ್ಲಿ ರೋಲರ್ ಕೋಸ್ಟರ್‌ಗಳಿಗೆ ಮೂರು ವರ್ಷಕ್ಕೊಮ್ಮೆ ಹೊಸ ಬಣ್ಣ ಬಳಿಯುತ್ತಿದ್ದರು. ಉಳಿದದ್ದು ರೆಟ್ಟಾ ನೋಡಿಕೊಳ್ಳುತ್ತಿದ್ದ ಬೇರೆ ಆಟಗಳಿಗೆ ಬರುತ್ತಿತ್ತು. ಹಾಗಾಗಿ ಅವಳ ಜೈಂಟ್ ವೀಲು ಒಂದು ಸಲ ನೇರಳೆ, ಒಂದು ಸಲ ಕಿತ್ತಳೆ. ಅವಳ ಅಚ್ಚುಮೆಚ್ಚಿನ ‘ಚಾವಟಿ’, ಅಂದರೆ ಪ್ರತಿ ತಿರುವಿನಲ್ಲೂ ಕೂತವರನ್ನು ಬಟ್ಟೆ ಒಗೆದ ಹಾಗೆ ಬೀಸುತ್ತಿದ್ದ ಎಪ್ಪತ್ತು ವರ್ಷದ ಆಟ, ಅರ್ಧ ಹಸಿರು ಅರ್ಧ ಹಳದಿಯಾಗಿ ನಿಂತಿತ್ತು. ಹಸಿರು ಮಧ್ಯದಲ್ಲೇ ಮುಗಿದುಹೋಗಿತ್ತು.

ಕೋಸ್ಟರ್‌ಗಳ ಯಜಮಾನಿಕೆ ಎಮ್ಲಿನ್ ಪ್ರಾಸರ್‌ನದು. ಅವನೂ ರೆಟ್ಟಾಳೂ ಹದಿನೆಂಟು ವಯಸ್ಸಿಗೆ, ಒಂದೇ ಬೇಸಿಗೆಯಲ್ಲಿ, ಇದೇ ಚಾವಟಿಯ ಸನ್ನೆಗೋಲು ಹಿಡಿದು ಕೆಲಸಕ್ಕೆ ಸೇರಿದವರು. ಎರಡನೇ ವರ್ಷ ಅವನನ್ನು ಕೋಸ್ಟರ್‌ಗೆ ಹಾಕಿದರು, ಅವಳು ಇಲ್ಲೇ ಉಳಿದಳು. ಈಗ ಇಬ್ಬರಿಗೂ ಐವತ್ತು ದಾಟಿತ್ತು. ಟೋಪಿ ತುಂಬ ಬಿಲ್ಲೆ ಚುಚ್ಚಿಕೊಂಡ ಕೋಸ್ಟರ್ ಹುಚ್ಚರು ಬಫಲೋದಿಂದ, ಪಿಟ್ಸ್‌ಬರ್ಗಿನಿಂದ ಬಂದು ಎಮ್ಲಿನ್‌ನ ಸಹಿ ಕೇಳುತ್ತಿದ್ದರು. ರೆಟ್ಟಾಳನ್ನು ಜನ ಕೇಳುತ್ತಿದ್ದದ್ದು ಒಂದೇ: “ಅಮ್ಮಾ, ಶೌಚಾಲಯ ಯಾವ ಕಡೆ?”

ಹನ್ನೊಂದು ವರ್ಷಗಳಿಂದ ಪ್ರತಿ ಜನವರಿಯ ಸಭೆಗೂ ರೆಟ್ಟಾ ಕೊಳ್ಳೋಣ ಎಂದು ಜರ್ಮನಿಯ ಒಂದು ತಿರುಗಾಟದ, ಅಂದರೆ ಗಿರಗಿರ ಸುತ್ತುವ ಆಟದ, ಚಿತ್ರ ಹಿಡಿದುಕೊಂಡು ಹೋಗುತ್ತಿದ್ದಳು. ಪಾರ್ಕಿನ ಒಡತಿ ಅಗಸ್ಟಾ ರೈನ್‌ಹೋಲ್ಟ್‌ಗೆ ಎಪ್ಪತ್ತು ವಯಸ್ಸು, ಅಜ್ಜ ಕಟ್ಟಿದ ಪಾರ್ಕು. ಆ ಚಿತ್ರ ಅವಳಿಗೆ ಬಾಯಿಪಾಠವಾಗಿತ್ತು.

“ರೆಟ್ಟಾ, ನಿನ್ನ ಆಟಗಳಿಲ್ದೆ ಪಾರ್ಕು ಒಂದು ದಿನ ನಡೆಯಲ್ಲ, ಅದು ನಂಗೊತ್ತು,” ಅಂದಳು ಅಗಸ್ಟಾ, ತೊಂಬತ್ತೆಂಟರ ಜನವರಿಯಲ್ಲಿ. “ಆದ್ರೆ ನೀನೇ ಹೇಳು. ಟ್ಯಾಮರಾಕಲ್ಲಿ ಹೊಸ ತಿರುಗಾಟ ಬಂದಿದೆಯಂತೆ ಅಂತ ಕ್ಲೀವ್‌ಲ್ಯಾಂಡಿಂದ ಯಾರಾದ್ರೂ ಎರಡು ಗಂಟೆ ಕಾರು ಓಡಿಸ್ಕೊಂಡು ಬರ್ತಾರಾ?”

“ಬಂದವರೆಲ್ಲ ಹತ್ತೋದು ನನ್ನ ಆಟಗಳನ್ನೇ. ಎಣಿಸಿದೀನಿ ನಾನು. ಈ ಎಮ್ಲಿನ್‌ನ ಎರಡು ಕೋಸ್ಟರ್ ಸೇರಿದ್ರೂ ನನ್ನ ಅರ್ಧ ಇಲ್ಲ.”

“ಹತ್ತೋದು ನಿನ್ನದನ್ನ, ಸರಿ. ಬರೋದು ಅವನದಕ್ಕೆ. ಟಿಕೆಟ್ಟು ಬಾಗಿಲಲ್ಲೇ ಕೊಟ್ಟಾಯ್ತಲ್ಲ ತಾಯಿ, ಆಮೇಲೆ ಯಾವುದು ಹತ್ತಿದ್ರೆ ನಂಗೇನು? ಇನ್ನೊಂದು ಮಾತು ಕೇಳು. ಇಂಥ ಆಟ ಮಾಡ್ತಿದ್ದ ಅರ್ಧ ಕಂಪನಿಗಳು ಮುಚ್ಚಿಹೋದವು. ಒಂದು ಬೇರಿಂಗ್ ಹೋದ್ರೆ ಆರು ವಾರ ಬೇಲಿ ಹಾಕ್ಕೊಂಡು ಕೂರಬೇಕು. ಮೂರನೇ ಬೇಸಿಗೆಗೆ ಅದು ಹಳೇದು, ಯಾರೂ ಹೆಸರೂ ನೆನಪಿಟ್ಟುಕೊಳ್ಳಲ್ಲ. ಕೋಸ್ಟರ್ ಹಂಗಲ್ಲ. ಅಜ್ಜ ಹತ್ತಿದ್ದು ಅಂತ ಮೊಮ್ಮಗ ಹುಡುಕ್ಕೊಂಡು ಬರ್ತಾನೆ.”

ಆ ಸಭೆಯಲ್ಲೇ ಮೂರನೇ ಕೋಸ್ಟರ್ ತೀರ್ಮಾನವಾಯಿತು. ಇನ್ನೂರು ಅಡಿ ಎತ್ತರದ ‘ಬ್ಲೂ ಹೆರಾನ್’, ಅಂದರೆ ನೀಲಿ ಬಕಪಕ್ಷಿ. ಅದರ ಕಂಬಗಳಿಗೆ ಜಾಗ ಬೇಕೆಂದು ರೆಟ್ಟಾಳ ಡಿಕ್ಕಿ ಕಾರುಗಳ, ಅಂದರೆ ಒಂದಕ್ಕೊಂದು ಗುದ್ದಿಸುವ ಆಟದ ಕಾರುಗಳ, ಹಿಂದಿದ್ದ ಮರಗಳ ನೆರಳೂ ಹೋಯಿತು. ಎಮ್ಲಿನ್ ಬಾಗಿಲಲ್ಲಿ ಅವಳ ಭುಜ ತಟ್ಟಿ, “ಮುಂದಿನ ವರ್ಷ ನಿಂದೇ ಕಣೇ,” ಅಂದ. ಅವನು ಮನಸಾರೆ ಹೇಳಿದ್ದ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಅವನು ಕೊಬ್ಬಿದವನೋ ಕಪಟಿಯೋ ಆಗಿದ್ದರೆ ದ್ವೇಷಿಸಿಕೊಂಡು ಹಾಯಾಗಿರಬಹುದಿತ್ತು.

ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ಹೆರಾನ್ ಸಿದ್ಧವಾಯಿತು. ಎಮ್ಲಿನ್‌ನ ತಂಡಕ್ಕೆಲ್ಲ ಬೆನ್ನಲ್ಲಿ ಬಕಪಕ್ಷಿಯ ಕಸೂತಿ ಇರುವ ನೀಲಿ ಜಾಕೆಟ್ಟು ಬಂತು. ರೆಟ್ಟಾಳ ತಂಡಕ್ಕೆ ಹೊಸ ಪೊರಕೆಗಳು ಬಂದವು. ಉದ್ಘಾಟನೆಯ ಶನಿವಾರ ಬೆಳಗ್ಗೆ ನಾಲ್ಕು ಟಿವಿ ಕಾರುಗಳು, ಒಂದು ಹೆಲಿಕಾಪ್ಟರು, ಬಾಗಿಲಿಂದ ಹೆದ್ದಾರಿಯವರೆಗೆ ಜನ. ಸರೋವರದ ಕಡೆಯಿಂದ ಗಾಳಿ ಎದ್ದಿತ್ತು.

ಪಾರ್ಕಿಗೆಲ್ಲ ಗಾಳಿಯ ಲೆಕ್ಕ ಕೊಡುತ್ತಿದ್ದವಳು ರೆಟ್ಟಾ. ಅವಳ ಸರಪಳಿ ಉಯ್ಯಾಲೆಯ ತುದಿಯಲ್ಲಿ ಗಾಳಿ ಅಳೆಯುವ ಬಟ್ಟಲುಗಳು ತಿರುಗುತ್ತಿದ್ದವು, ವೇಗ ತೋರಿಸುವ ಮುಳ್ಳು ಅವಳು ಕೂರುವ ಗೂಡಿನಲ್ಲಿತ್ತು. ಗಂಟೆಗೆ ಇಪ್ಪತ್ತೈದು ಮೈಲಿ ಮುಟ್ಟಿದರೆ ಉಯ್ಯಾಲೆ ನಿಲ್ಲಿಸಬೇಕು, ಮೂವತ್ತೈದು ಮುಟ್ಟಿದರೆ ಕೋಸ್ಟರ್. ಉಯ್ಯಾಲೆಯನ್ನು ಅವಳಾಗಲೇ ನಿಲ್ಲಿಸಿದ್ದಳು. ಖಾಲಿ ಕುರ್ಚಿಗಳು ಸರಪಳಿಯಲ್ಲಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅತ್ತ ಹೆರಾನ್‌ನ ಮೊದಲ ಗಾಡಿಯಲ್ಲಿ ಜನ ಕೂರುತ್ತಿದ್ದರು. ಎಮ್ಲಿನ್ ಕ್ಯಾಮೆರಾಗಳ ಮುಂದೆ ನಗುತ್ತಿದ್ದ. ವಾಕಿಟಾಕಿಯಲ್ಲಿ ಅವನ ದನಿ ಬಂತು.

“ರೆಟ್ಟಾ, ಗಾಳಿ ಎಷ್ಟಿದೆ ಹೇಳು. ಬಿಡಲಾ?”

ಮುಳ್ಳು ಇಪ್ಪತ್ತೊಂಬತ್ತರಲ್ಲಿತ್ತು. ಅವಳು ಎರಡು ಸಲ ನೋಡಿದಳು.

“ಮೂವತ್ತಾರು,” ಅಂದಳು. “ಬಿಡಬೇಡ.”

“ಆಯ್ತು, ಇಳಿಸ್ತೀನಿ,” ಅಂದ ಎಮ್ಲಿನ್.

ಅವಳು ಮತ್ತೆ ಲೆಕ್ಕ ಕೊಟ್ಟದ್ದು ಮಧ್ಯಾಹ್ನ ಎರಡೂವರೆ ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಟಿವಿಯವರು ಮುಚ್ಚಿದ ಗೇಟಿನ ಚಿತ್ರ ತೆಗೆದುಕೊಂಡು ಹೊರಟುಹೋಗಿದ್ದರು, ಹೆಲಿಕಾಪ್ಟರು ಎರಡು ಸುತ್ತು ಹಾಕಿ ಮರಳಿತ್ತು. ಜನಕ್ಕೆ ಬೇರೆ ದಾರಿ ಇರಲಿಲ್ಲ, ಎಲ್ಲರೂ ರೆಟ್ಟಾಳ ಕಡೆಗೇ ನುಗ್ಗಿದರು. ಚಾವಟಿಗೆ ಅಂಥ ಸಾಲು ಅವಳ ಮೂವತ್ತಾರು ವರ್ಷದ ನೌಕರಿಯಲ್ಲಿ ನಿಂತಿರಲಿಲ್ಲ. ಬೇಲಿ ಸುತ್ತಿ, ಪಿರೋಗಿ ಕಡುಬಿನ ಅಂಗಡಿ ದಾಟಿ, ಕೊಳದವರೆಗೆ. ಅವಳ ಎದೆ ಉಬ್ಬಿತು. ತಾನೇ ಹೋಗಿ ಸನ್ನೆಗೋಲು ಹಿಡಿದಳು.

ಆಗ ಅವಳು ಮುಖಗಳನ್ನು ನೋಡಿದಳು. ಗಾಡಿ ತಿರುವಿಗೆ ಬಂದು ಬೀಸುತ್ತಿತ್ತು, ಕೂತವರು ಕಿರುಚುತ್ತಿದ್ದರು, ಮರುಕ್ಷಣ ಎಲ್ಲರ ಕತ್ತೂ ಮೇಲಕ್ಕೆ ಹೊರಳುತ್ತಿತ್ತು, ಹೆರಾನ್‌ನ ಹಳಿಗಳ ಆ ನೀಲಿ ಬೆಟ್ಟದ ಕಡೆಗೆ. ಇಳಿದವರೆಲ್ಲ ಅವಳನ್ನೇ ಕೇಳುತ್ತಿದ್ದರು: “ಅದು ಎಷ್ಟು ಹೊತ್ತಿಗೆ ಬಿಡ್ತಾರೆ?” ಒಬ್ಬ ದಪ್ಪ ಮನುಷ್ಯ, “ಹೋಗ್ಲಿ ಬಿಡಿ, ಇದೂ ಪರವಾಗಿಲ್ಲ,” ಅಂದ. ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಅಗಸ್ಟಾ ಎಲ್ಲರನ್ನೂ ಸೇರಿಸಿದಳು. ಟಿವಿಯವರು ಹೊರಟುಹೋದದ್ದಕ್ಕೆ ಅವಳಿಗೆ ಹೊಟ್ಟೆ ಉರಿದಿತ್ತು, ಆದರೂ ರೆಟ್ಟಾಳನ್ನು ಹತ್ತಿರ ಕರೆದು, “ಅಷ್ಟು ಜನರ ಮುಂದೆ ಬೇಡ ಅನ್ನೋಕೆ ಗಟ್ಟಿ ಗುಂಡಿಗೆ ಬೇಕು. ಎಮ್ಲಿನ್ ಹೇಳಿದ, ಇದು ನಿಂಗೆ ಸೇರಬೇಕು ಅಂತ,” ಎಂದು ಒಂದು ನೀಲಿ ಜಾಕೆಟ್ಟು ತೊಡಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಾಕೆಟ್ಟು ಅಳತೆ ತೆಗೆದು ಹೊಲಿಸಿದಂತೆ ಕೂತಿತು. ರೆಟ್ಟಾಳಿಗೆ ಅದನ್ನು ಹತ್ತು ನಿಮಿಷವೂ ಮೈಮೇಲೆ ಇಟ್ಟುಕೊಳ್ಳಲಾಗಲಿಲ್ಲ.

ಎಮ್ಲಿನ್ ಹೆರಾನ್‌ನ ಹಳಿ ನೋಡಿಕೊಂಡು ಮೆಟ್ಟಿಲಿಳಿದು ಬರುವವರೆಗೆ ಅವಳು ಕೆಳಗೆ ಕಾದಳು. ಬಂದವನ ಕೈಗೆ ಜಾಕೆಟ್ಟು ತುರುಕಿದಳು.

“ಇಪ್ಪತ್ತೊಂಬತ್ತಿತ್ತು ಕಣೋ. ಮೂವತ್ತಾರಲ್ಲ.”

“ಗೊತ್ತು.”

“ಏನ್ ಗೊತ್ತು?”

ಅವನು ಮೇಲೆ ತೋರಿಸಿದ. ಬೆಟ್ಟದ ತುದಿಯಲ್ಲಿ ಸಣ್ಣ ಬಟ್ಟಲುಗಳು ಮಿಂಚುತ್ತ ತಿರುಗುತ್ತಿದ್ದವು. “ಕೋಸ್ಟರ್ ಜೊತೆಗೇ ಬಂದಿದ್ದು. ಅಲ್ಲಿ ಮೂವತ್ತೊಂದು ತೋರಿಸ್ತಿತ್ತು.”

“ಮತ್ತೆ ಯಾಕೆ ಇಳಿಸಿದೆ? ಅಲ್ಲೇ ಎಲ್ಲರೆದುರು ಉಗೀಬಹುದಿತ್ತಲ್ಲ!”

“ಬೇಡ ಅಂತ ಯಾರೇ ಹೇಳಿದ್ರೂ ನಾನು ನಿಲ್ಲಿಸ್ತೀನಿ. ಯಾಕೆ ಬೇಡ, ನಿನ್ನ ಮನಸ್ಸಲ್ಲಿ ಏನಿದೆ ಅಂತ ವಿಚಾರಣೆ ಶುರು ಮಾಡಿದ್ರೆ, ನಿಜವಾಗ್ಲೂ ಗಾಳಿ ಬಂದ ದಿನ ಒಬ್ಬರೂ ಬಾಯಿ ಬಿಡಲ್ಲ.” ಅವನು ಜಾಕೆಟ್ಟನ್ನು ಮಡಚಿ ಮೆಟ್ಟಿಲ ಮೇಲಿಟ್ಟ. “ಹಾಗಂತ ಸಿಟ್ಟಿಲ್ಲ ಅಂದ್ಕೋಬೇಡ. ಗ್ವೆಂಡಾ ಬಂದಿದ್ಳು, ನನ್ನ ಮಗಳು. ಆರು ವರ್ಷ ಮಾತು ಬಿಟ್ಟಿದ್ಳಲ್ಲ. ಮೊದಲ ಗಾಡಿ, ಮೊದಲ ಸಾಲಲ್ಲಿ ಕೂತಿದ್ಳು. ನಾನೇ ಪಟ್ಟಿ ಬಿಚ್ಚಿ ಇಳಿಸ್ದೆ. ಮೂರು ಗಂಟೆಗೆ ಅವಳಿಗೆ ಬಸ್ಸಿತ್ತು.”

“ಹಾಗಿದ್ರೆ ಈ ಜಾಕೆಟ್ಟು?”

“ಚುಚ್ಚಲಿ ಅಂತಾನೇ ಕೊಡಿಸಿದ್ದು,” ಅಂದ ಅವನು. “ಅಗಸ್ಟಾಗೆ ನೀನೇ ಹೇಳಬೇಕು. ನಾನು ಹೇಳಲ್ಲ.”

ಅವನಿಗೂ ಸೇಡಿನ ಬುದ್ಧಿ ಇದೆ ಅಂತ ಗೊತ್ತಾದದ್ದು, ನಾಚಿಕೆಯ ನಡುವೆಯೂ, ರೆಟ್ಟಾಳಿಗೆ ಒಂದು ಥರ ನೆಮ್ಮದಿ ತಂದಿತು.

ಅವಳು ಅದೇ ದಿನ ಹೋಗಿ ಹೇಳಿದಳು. ಅಗಸ್ಟಾ ಬೈಯಲಿಲ್ಲ. ಎರಡು ವಾರ ಸಂಬಳವಿಲ್ಲದೆ ಮನೆಯಲ್ಲಿರಲು ಹೇಳಿದಳು, ಗಾಳಿಯ ಲೆಕ್ಕವನ್ನು ಎಮ್ಲಿನ್‌ನ ತಂಡಕ್ಕೆ ಕೊಟ್ಟಳು. ರೆಟ್ಟಾ ಹದಿನೈದನೇ ದಿನ ಮರಳಿ ಬಂದಾಗ ಗೂಡಿನಲ್ಲಿ ಮುಳ್ಳಿದ್ದ ಜಾಗ ಖಾಲಿಯಾಗಿತ್ತು. ಎಮ್ಲಿನ್ ಆ ಬೇಸಿಗೆಯಿಡೀ ಅವಳೊಂದಿಗೆ ಕೆಲಸದ ಮಾತು ಬಿಟ್ಟರೆ ಬೇರೆ ಆಡಲಿಲ್ಲ. ಗ್ವೆಂಡಾ ಸೆಪ್ಟೆಂಬರಿನಲ್ಲಿ ಮತ್ತೆ ಬಂದು ಹೆರಾನ್ ಹತ್ತಿ ಹೋದಳು ಅಂತ ಪಿರೋಗಿ ಅಂಗಡಿಯವಳ ಬಾಯಲ್ಲಿ ಕೇಳಿ, ರೆಟ್ಟಾ ಡಿಕ್ಕಿ ಕಾರುಗಳ ಹಿಂದೆ ಹೋಗಿ ಅತ್ತಳು.

ಎರಡು ಸಾವಿರದ ಒಂದರ ಜನವರಿಯಲ್ಲಿ ಅವಳ ಕೈಯಲ್ಲಿ ಯಾವ ಚಿತ್ರವೂ ಇರಲಿಲ್ಲ. ಆ ಸಲ ಬಾಯಿ ತೆಗೆದವನು ಎಮ್ಲಿನ್.

“ನನ್ನ ಸಾಲಲ್ಲಿ ಒಬ್ಬ ನಿಂತ್ರೆ ಮೂರು ಜನ ಹೊರಗೆ ಬೆಂಚಿನ ಮೇಲೆ ಒಣಗ್ತಿರ್ತಾರೆ. ಅಜ್ಜಿ, ಮಗು, ತಲೆಸುತ್ತು ಬರೋ ಗಂಡ. ಅವರು ಬೇಜಾರಾಗಿ ಎದ್ರೆ ಎಲ್ಲರನ್ನೂ ಎಳ್ಕೊಂಡು ಮನೆಗೆ ಹೋಗ್ತಾರೆ. ಅವರಿಗೊಂದು ಆಟ ಬೇಕು.”

ಹನ್ನೊಂದು ವರ್ಷ ತಾನು ಹೇಳಿದ್ದೂ ಇದನ್ನೇ ಅಂತ ರೆಟ್ಟಾ ಹಲ್ಲು ಕಚ್ಚಿ ಕೂತಳು. ಅಗಸ್ಟಾ ಈ ಸಲ ತಲೆಯಾಡಿಸಿದಳು. ಜರ್ಮನಿಯದಲ್ಲ, ಹೊಸದೂ ಅಲ್ಲ. ಓಹಾಯೋದಲ್ಲಿ ಮುಚ್ಚಿದ ಪಾರ್ಕೊಂದರ ಹನ್ನೆರಡು ದೋಣಿಗಳ ತಿರುಗಾಟ. ಇಬ್ಬರೂ ಲಾರಿ ತೆಗೆದುಕೊಂಡು ಹೋಗಿ ತಾವೇ ಬಿಚ್ಚಿ ತಂದರು. ದಾರಿಯಲ್ಲಿ ರೆಟ್ಟಾಳ ಡಬ್ಬಿಯ ಎಲೆಕೋಸಿನ ಹಲುಷ್ಕಿಯನ್ನು ಎಮ್ಲಿನ್ ಕೇಳದೆಯೇ ಅರ್ಧ ತಿಂದ. ಬೇಕಾದ ಒಂದು ಗೇರ್ ಚಕ್ರ ಎಲ್ಲೂ ಸಿಗದೆ, ಅವನೇ ಪರಿಚಯದ ಕಾರ್ಖಾನೆಯಲ್ಲಿ ಕೊರೆಸಿಕೊಟ್ಟ.

ಜೂನಿನಲ್ಲಿ ಅದು ಶುರುವಾಯಿತು. ಟಿವಿ ಬರಲಿಲ್ಲ. ಮೊದಲ ಸುತ್ತಿಗೆ ಹದಿನಾಲ್ಕು ಜನ, ಅವರಲ್ಲಿ ಒಬ್ಬಾಕೆ ಮಗುವನ್ನು ಅಪ್ಪಿಕೊಂಡು ಮೂರು ಸಲ ಹತ್ತಿದಳು. ರೆಟ್ಟಾ ಗೇಟಿನ ಹತ್ತಿರ ನಿಂತು ನೋಡಿದಳು. ಎಮ್ಲಿನ್ ಪಕ್ಕದಲ್ಲಿ ನಿಂತ.

ಅಷ್ಟರಲ್ಲಿ ಬಿಲ್ಲೆ ಟೋಪಿಯ ಇಬ್ಬರು ಓಡಿ ಬಂದರು. “ಪ್ರಾಸರ್ ಸಾರ್! ಒಂದೇ ಒಂದು ಫೋಟೋ!” ಒಬ್ಬ ಕ್ಯಾಮೆರಾವನ್ನು ರೆಟ್ಟಾಳ ಕೈಗಿಟ್ಟ. “ಅಮ್ಮಾ, ಹಿಂದೆ ಹೆರಾನ್ ಪೂರ್ತಿ ಬರೋ ಹಾಗೆ ತೆಗೀತೀರಾ?”

“ತೆಗೀತೀನಪ್ಪಾ,” ಅಂದಳು ರೆಟ್ಟಾ. ಒಂದು ಕಣ್ಣು ಮುಚ್ಚಿ ಕ್ಯಾಮೆರಾ ಎತ್ತಿದಳು. ಆಮೇಲೆ ನಿಧಾನಕ್ಕೆ, ಯಾರಿಗೂ ಗೊತ್ತಾಗದ ಹಾಗೆ, ಎರಡು ಹೆಜ್ಜೆ ಬಲಕ್ಕೆ ಸರಿದು, ಎಮ್ಲಿನ್‌ನ ಬೆನ್ನ ಹಿಂದೆ ಹನ್ನೆರಡು ದೋಣಿಗಳೂ ಬಂದ ಮೇಲೆ ಗುಂಡಿ ಒತ್ತಿದಳು.